ಹಾಸಿಗೆಯ ಪಕ್ಕದ ದುಭಾಷಿ ಯಾರು?

ತಮಗೆ ತಾವೇ ಹಾನಿ ಮಾಡಿಕೊಂಡು ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಬರುವವರಲ್ಲಿ ದಕ್ಷಿಣ ಏಷ್ಯಾ ಮೂಲದ ಯುವತಿಯರೇ ಎಲ್ಲೆಡೆ ಹೆಚ್ಚು ಎಂದು ಈ ವಿಷಯದ ಬಗ್ಗೆ ನಾನು ಓದಿದ ಲೇಖನವೊಂದು ಸಾರಾಸಗಟಾಗಿ ಹೇಳಿರುವುದು ಸರಿಯಲ್ಲ. ಮ್ಯಾಂಚೆಸ್ಟರ್, ಆಕ್ಸ್‌ಫರ್ಡ್ ಮತ್ತು ಡರ್ಬಿ ನಗರಗಳ ಆಸ್ಪತ್ರೆಗಳ 2001ರಿಂದ 2006ರವರೆಗಿನ ದಾಖಲೆಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರೂ ಊರುಗಳಲ್ಲಿ ಅತಿ ಹೆಚ್ಚಿನ ಪ್ರಮಾಣ ಕಂಡುಬಂದದ್ದು 16ರಿಂದ 34 ವರ್ಷದೊಳಗಿನ ಕಪ್ಪು ಜನಾಂಗದ ಯುವತಿಯರಲ್ಲಿ. ದಕ್ಷಿಣ ಏಷ್ಯಾ ಮೂಲದ ಯುವಜನರಲ್ಲಿ ಅದು ಊರಿಂದೂರಿಗೆ ಬೇರೆಯಾಗಿತ್ತು. ಸುಮಾರು ನಾಲ್ವರಲ್ಲಿ ಒಬ್ಬರ ಜನಾಂಗದ ಮಾಹಿತಿಯೇ ದೊರೆತಿರಲಿಲ್ಲ ಎಂಬುದನ್ನೂ ಮರೆಯಬಾರದು.

ನನ್ನನ್ನು ಹೆಚ್ಚು ಕಾಡುವುದು ಅದೇ ಅಧ್ಯಯನದ ಇನ್ನೊಂದು ಸಂಗತಿ: ಬಿಳಿಯರಿಗೆ ಹೋಲಿಸಿದರೆ ಅಲ್ಪಸಂಖ್ಯಾತ ಜನಾಂಗದವರಿಗೆ ಮನೋವೈದ್ಯಕೀಯ ತಪಾಸಣೆ ದೊರೆತದ್ದು ಕಡಿಮೆ, ಅವರು ಮತ್ತೆ ಆಸ್ಪತ್ರೆಗೆ ಬಂದದ್ದೂ ಕಡಿಮೆ. ಮರಳಿ ಬರಲಿಲ್ಲವೆಂದ ಮಾತ್ರಕ್ಕೆ ಗುಣವಾದರೆಂದು ತಿಳಿಯುವಂತಿಲ್ಲ. ಹೀಗೆ ಬಂದ ಪ್ರತಿಯೊಬ್ಬರ ಮನಸ್ಸಿನ ಹಾಗೂ ಬದುಕಿನ ಸ್ಥಿತಿಯನ್ನು ವಿಚಾರಿಸಬೇಕೆಂದು ಚಿಕಿತ್ಸೆ ಹೇಗಿರಬೇಕೆಂದು ಅಲ್ಲಿನ ಆಸ್ಪತ್ರೆಗಳಿಗೆ ಸಲಹೆ ನೀಡುವ ನೈಸ್ (NICE) ಸಂಸ್ಥೆಯ ಮಾರ್ಗಸೂಚಿ 2004ರಿಂದಲೂ ಹೇಳುತ್ತಿದೆ. ಆದರೆ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ, ಹೊದಿಕೆಯ ಅಂಚನ್ನು ಮಡಚುತ್ತ, ಬಿಡಿಸುತ್ತ ಕುಳಿತಿದ್ದ ಸೊಸೆಯ ಪರವಾಗಿ ಅತ್ತೆಯೇ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದುಭಾಷಿ ಬರುವಷ್ಟರಲ್ಲಿ ಅತ್ತೆ ಅವಳನ್ನು ಮನೆಗೆ ಕರೆದೊಯ್ದಿದ್ದರು.