ಸ್ಪಷ್ಟನೆ: ಇ-ಪಾಸ್‌ಪೋರ್ಟ್‌ನ ಚಿಪ್ ಯಾರ ಜಾಡನ್ನೂ ಹಿಡಿಯುವುದಿಲ್ಲ

ಇ-ಪಾಸ್‌ಪೋರ್ಟ್‌ನೊಳಗಿನ ಚಿಪ್ ಉಪಗ್ರಹದ ಮೂಲಕ ಪ್ರಯಾಣಿಕರ ಜಾಡು ಹಿಡಿಯುತ್ತದೆ, ಪಕ್ಕದಲ್ಲಿ ಹಾದುಹೋಗುವ ಯಾರು ಬೇಕಾದರೂ ಅದರಲ್ಲಿನ ವಿವರ ಕದಿಯಬಹುದು, ಆದ್ದರಿಂದ ಅದನ್ನು ಮೈಕ್ರೋವೇವ್‌ನಲ್ಲಿಟ್ಟು ಸುಟ್ಟುಬಿಡಿ ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಮೊದಲನೆಯದು ಪೂರ್ತಿ ಸುಳ್ಳು, ಎರಡನೆಯದು ಅರೆತಿಳಿವಳಿಕೆಯ ಭಯ.

ಆ ಚಿಪ್‌ಗೆ ಬ್ಯಾಟರಿಯೇ ಇಲ್ಲ. ತಪಾಸಣಾ ಕೌಂಟರಿನ ರೀಡರ್ 13.56 ಮೆಗಾಹರ್ಟ್ಸ್ ಆವರ್ತನದಲ್ಲಿ ಹೊಮ್ಮಿಸುವ ಅಲೆಗಳಿಂದಲೇ, ಅದೂ ಕೆಲವು ಸೆಂಟಿಮೀಟರ್ ಅಂತರದಲ್ಲಿ, ಅದಕ್ಕೆ ಶಕ್ತಿ ದೊರೆಯುತ್ತದೆ. ಉಪಗ್ರಹಕ್ಕೆ ತಾನಾಗಿ ಸಂಕೇತ ಕಳುಹಿಸುವ ಸಾಮರ್ಥ್ಯ ಅದಕ್ಕಿಲ್ಲ.

ಇನ್ನು ಕಳವಿನ ಮಾತು. ಫೋಟೋ ಇರುವ ಪುಟದ ಕೆಳತುದಿಯಲ್ಲಿ ತಲಾ 44 ಅಕ್ಷರ ಮತ್ತು ಚಿಹ್ನೆಗಳ ಎರಡು ಸಾಲುಗಳಿರುತ್ತವೆ. ಅಧಿಕಾರಿ ಪುಸ್ತಕವನ್ನು ತೆರೆದು ಯಂತ್ರದ ಮೇಲೆ ಬೋರಲು ಇಡುವುದು ಆ ಸಾಲುಗಳನ್ನು ಓದಿಸಲು. ಅವುಗಳಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕದಿಂದ ಸಾಮಾನ್ಯವಾಗಿ ಚಿಪ್‌ನಲ್ಲಿನ ವಿವರ ತೆರೆಯುವ ಕೀಲಿ ಸಿದ್ಧವಾಗುತ್ತದೆ. ಮುಚ್ಚಿದ ಪುಸ್ತಕ ಜೇಬಿನಲ್ಲಿರುವಾಗ ಆ ಕೀಲಿ ದಾರಿಹೋಕರ ಕೈಗೆ ಸಿಗದು. ಹಾಗೆ ನೋಡಿದರೆ, ಕೇಳಿದವರಿಗೆಲ್ಲ ನಾವೇ ಕಳುಹಿಸುವ ಆ ಪುಟದ ಫೋಟೋ ಚಿಪ್‌ಗಿಂತ ಹೆಚ್ಚು ಅಪಾಯಕಾರಿ.

ಚಿಪ್‌ನಲ್ಲಿರುವ ಮಾಹಿತಿಗೆ ಪಾಸ್‌ಪೋರ್ಟ್ ನೀಡಿದ ದೇಶದ ಡಿಜಿಟಲ್ ಸಹಿಯೂ ಇರುವುದರಿಂದ, ಚಿಪ್‌ನೊಳಗಿನ ಫೋಟೋ ಬದಲಿಸಿದರೆ ತಪಾಸಣೆಯಲ್ಲಿ ಸಹಿ ತಾಳೆಯಾಗುವುದಿಲ್ಲ. ಚಿಪ್ ಸುಡುವವರು ಕಳೆದುಕೊಳ್ಳುವುದು ಈ ರಕ್ಷಣೆಯನ್ನೇ. ಚಿಪ್ ಓದಿ ತೆರೆದುಕೊಳ್ಳುವ ಸ್ವಯಂಚಾಲಿತ ತಪಾಸಣಾ ಗೇಟ್ ಅಂಥ ಪಾಸ್‌ಪೋರ್ಟ್‌ಗೆ ತೆರೆಯುವುದಿಲ್ಲ. ಪುಟದ ಮೇಲೆ ಸುಟ್ಟ ಕಲೆ ಕಂಡರಂತೂ ದಾಖಲೆಯನ್ನು ತಿದ್ದಲಾಗಿದೆಯೇ ಎಂಬ ಪ್ರಶ್ನೆಗೆ ಪ್ರಯಾಣಿಕರೇ ಉತ್ತರಿಸಬೇಕಾಗುತ್ತದೆ.