ಹೂ ನಿಂತ ಗಿಡಕ್ಕೆ ಬೇಕಿರುವುದು ಜಾಗ, ಗೊಬ್ಬರ ಅಲ್ಲ

"ನೆಟ್ಟ ಮೊದಲ ಎರಡು ವರ್ಷ ಡೇ ಲಿಲಿ ಮೈತುಂಬಾ ಹೂ ಬಿಟ್ಟಿತು. ಈಗ ಬರೀ ಎಲೆ. ಏನು ಗೊಬ್ಬರ ಹಾಕಲಿ?" ಸ್ನೇಹಿತರು ಆಗಾಗ ಕೇಳುವ ಪ್ರಶ್ನೆ ಇದು. ಗಿಡಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತಿದ್ದರೆ ನಾನು ಹೇಳುವುದು ಒಂದೇ. ಗೊಬ್ಬರ ಆಮೇಲೆ ನೋಡೋಣ. ಮೊದಲು ಬುಡಸಮೇತ ಅಗೆದು ತೆಗೆಯಿರಿ, ಪಾಲು ಮಾಡಿ, ದೂರ ದೂರ ನೆಡಿ.

ಹಾಗಂದ ಕೂಡಲೇ ಗಾಬರಿಯಾಗುತ್ತಾರೆ. ಸಾಕಿದ ಗಿಡಕ್ಕೆ ಚಾಕು ಹಾಕೋದಾ ಅಂತ. ನನಗೂ ಮೊದಲ ಸಲ ಕೈ ಬಂದಿರಲಿಲ್ಲ. ಆದರೆ ಆ ದಿನ ನನ್ನ ಡೇ ಲಿಲಿಯ ಬುಡದ ಮಣ್ಣು ತೊಳೆದು ನೋಡಿದಾಗ ಎಲ್ಲ ಅರ್ಥವಾಯಿತು. ನಡುವಿನ ಹಳೇ ಬುಡ ಒಣಗಿ ಸತ್ತಿತ್ತು. ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಜೀವವೆಲ್ಲ ಅದರ ಸುತ್ತ ಬಳೆಯ ಹಾಗೆ ನಿಂತಿತ್ತು. ಇಪ್ಪತ್ತಕ್ಕೂ ಜಾಸ್ತಿ ಸುಳಿಗಳು, ಒಂದರ ಬೇರು ಇನ್ನೊಂದರ ಬೇರಿಗೆ ಹೆಣೆದುಕೊಂಡು, ಇದ್ದ ಅಷ್ಟೇ ಮಣ್ಣಿಗೆ ಕಿತ್ತಾಡುತ್ತಿದ್ದವು. ಇದಕ್ಕೆ ಮೇಲಿನಿಂದ ಎಷ್ಟು ಗೊಬ್ಬರ ಸುರಿದರೆ ಏನು ಬಂತು?

ಹಿಂದಿನ ದಿನ ಚೆನ್ನಾಗಿ ನೀರು ಕೊಡಿ. ಮೋಡದ ದಿನ ಅಥವಾ ಸಂಜೆ ಹೊತ್ತು ಅಗೆಯಿರಿ. ಕೈಯಲ್ಲೇ ಬಿಡಿಸಲು ಆದರೆ ಬಿಡಿಸಿ. ಆಗದಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಹರಿತ ಚಾಕುವಿನಿಂದ ಕೊಯ್ಯಿರಿ. ಒಂದೊಂದು ಪಾಲಿಗೂ ಮೂರರಿಂದ ಐದು ಸುಳಿ, ಜೊತೆಗೆ ಒಳ್ಳೆ ಬೇರು ಇರಲಿ. ಆಸೆಪಟ್ಟು ಒಂದೊಂದೇ ಸುಳಿ ಬಿಡಿಸಿದರೆ ಗಿಡದ ಲೆಕ್ಕ ಜಾಸ್ತಿಯಾಗುತ್ತದೆ, ಹೂ ಮಾತ್ರ ತಡವಾಗುತ್ತದೆ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಬೇರು ಕಮ್ಮಿಯಾಗಿರುವಾಗ ಅಷ್ಟೂ ಎಲೆಗೆ ನೀರು ಒದಗಿಸುವ ಶಕ್ತಿ ಗಿಡಕ್ಕೆ ಇರುವುದಿಲ್ಲ ಅಲ್ವಾ. ಸತ್ತ ನಡುಭಾಗ ಎಸೆದುಬಿಡಿ. ಹೂ ಬಿಟ್ಟಿರುವಾಗ, ಬಿರುಬಿಸಿಲಿನ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ನೆಡುವಾಗ ಆಳದ ಬಗ್ಗೆ ತುಂಬಾ ಗಮನ ಕೊಡಿ. ಎರಡು ಜರ್ಬೆರಾ ಕಳೆದುಕೊಂಡು ನಾನು ಕಲಿತದ್ದು ಇದು. ಗಟ್ಟಿಯಾಗಿ ನಿಲ್ಲಲಿ ಅಂತ ಸುಳಿ ಮುಚ್ಚುವಷ್ಟು ಮಣ್ಣು ಹಾಕಿದ್ದೆ. ಹತ್ತೇ ದಿನಕ್ಕೆ ಕೊಳೆತು ಹೋದವು. ಜರ್ಬೆರಾ ಸುಳಿ ಮಣ್ಣಿನಿಂದ ಸ್ವಲ್ಪ ಮೇಲೇ ಇರಬೇಕು. ಗಡ್ಡದ ಐರಿಸ್‌ಗೂ (ಬಿಯರ್ಡೆಡ್ ಐರಿಸ್) ಗೆಡ್ಡೆಯ ಬೆನ್ನಿಗೆ ಬಿಸಿಲು ತಾಗಬೇಕು. ಕಾಬಾಳೆ ಹಾಗಲ್ಲ, ಅದರ ಗೆಡ್ಡೆ ಮಣ್ಣೊಳಗೇ ಇರಲಿ. ಸೇವಂತಿಗೆಯದು ಇನ್ನೂ ಸುಲಭ. ಹೂ ಮುಗಿದ ಕಡ್ಡಿ ಕತ್ತರಿಸಿದರೆ ಬುಡದಲ್ಲಿ ಮರಿಗಳು ಏಳುತ್ತವೆ, ಬೇರಿರುವ ಮರಿ ಬಿಡಿಸಿ ನೆಟ್ಟರೆ ಸಾಕು.

ಎಲ್ಲ ಗಿಡಕ್ಕೂ ಇದು ಆಗುವುದಿಲ್ಲ. ಲುಪಿನ್ ತರಹ ಒಂದೇ ತಾಯಿಬೇರು ಇಳಿಸಿ ನಿಂತವನ್ನು ಸೀಳಿದರೆ ಉಳಿಯುವುದು ಕಷ್ಟ. ಕಾಂಡ ಕಟ್ಟಿಗೆಯಾಗುವ ಲ್ಯಾವೆಂಡರ್‌ಗೆ ಕಡ್ಡಿ ನೆಡುವುದೇ ಸರಿ.

ಬೀಜ ಹಾಕಬಾರದಾ ಅನ್ನುತ್ತಾರೆ. ಹಾಕಬಹುದು. ಆದರೆ ಹೈಬ್ರಿಡ್ ಡೇ ಲಿಲಿಯ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆ ಅನ್ನೋ ಖಾತ್ರಿ ಇಲ್ಲ. ಎಲೆಯಿಂದ ಬೆಳೆಸಿದರೂ ಹಾಗೇ ಆಗಬಹುದು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡು ನೆಟ್ಟು ನೋಡಿ, ಹುಟ್ಟುವ ಮರಿ ಬರೀ ಹಸಿರು. ಬುಡ ಬಿಡಿಸಿ ನೆಟ್ಟರೆ ಮಾತ್ರ ಆ ಅಂಚು ಉಳಿಯುತ್ತದೆ.

ನನ್ನ ಆ ಡೇ ಲಿಲಿ ಐದು ಪಾಲಾಯಿತು. ಮೊದಲ ವರ್ಷ ಮೂರಕ್ಕೆ ಹೂ ಬರಲಿಲ್ಲ. ಎರಡನೇ ವರ್ಷ ಐದಕ್ಕೂ ಬಂತು. ನಾಲ್ಕು ವರ್ಷ ಆಗುತ್ತಾ ಬಂತು, ಮೊದಲು ನೆಟ್ಟದ್ದರ ನಡು ಮತ್ತೆ ಬರಿದಾಗುತ್ತಿದೆ. ಈ ಸಲ ಹೂ ಮುಗಿಯಲಿ ಅಂತ ಕಾಯುತ್ತಿದ್ದೇನೆ.