ಆ ದ್ವೀಪ ಯಾವ ದೇಶದ್ದು ಎಂದು ಅಪ್ಪ ಕೇಳಿದರು

ಕಳೆದ ಮಾರ್ಚ್‌ನಲ್ಲಿ ಅಪ್ಪ ಅಮ್ಮ ದಾವಣಗೆರೆಯಿಂದ ನಮ್ಮ ಮನೆಗೆ ಬಂದಿದ್ದಾಗ, ಅವರನ್ನು ಕರೆದುಕೊಂಡು ಅಮೆರಿಕದ ಫ್ಲಾರಿಡಾದಲ್ಲಿರುವ ಪೋರ್ಟ್ ಕೆನವೆರಲ್ ಬಂದರಿನಿಂದ ಮೂರು ರಾತ್ರಿಗಳ ಕ್ರೂಸ್ ಪ್ರವಾಸಕ್ಕೆ ಹೋಗಿದ್ದೆವು. ಒಂದು ದಿನ ಹಡಗಿನ ಕಂಪನಿಯದೇ ಆದ ಖಾಸಗಿ ದ್ವೀಪ, ಮರುದಿನ ಬಹಾಮಾಸಿನ ರಾಜಧಾನಿ ನಸ್ಸೌ. ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಹೋದ ದೇಶದ ಒಂದು ನಾಣ್ಯವನ್ನಾದರೂ ತಂದು ಆಲ್ಬಮ್ಮಿಗೆ ಸೇರಿಸುವುದು ಅವರ ಬಹಳ ವರ್ಷಗಳ ಅಭ್ಯಾಸ. ದ್ವೀಪದಲ್ಲಿ ಎಳನೀರು ತೆಗೆದುಕೊಂಡು, ಚಿಲ್ಲರೆ ಸಿಗುತ್ತದೆ ಎಂಬ ಆಸೆಯಿಂದ ಐದು ಡಾಲರಿನ ನೋಟು ಚಾಚಿದರು. ಕೌಂಟರಿನ ಹುಡುಗ ವಿನಯದಿಂದಲೇ ನೋಟನ್ನು ಹಿಂದಿರುಗಿಸಿ, ಖರ್ಚಿನ ಲೆಕ್ಕಕ್ಕೆಂದು ಹಡಗಿನವರು ಕೊಟ್ಟಿದ್ದ ಕಾರ್ಡ್ ಕೇಳಿದ. ಅಪ್ಪ ನನ್ನ ಕಡೆ ತಿರುಗಿ, "ಇದು ಯಾವ ದೇಶವಪ್ಪಾ?" ಎಂದರು. ಬಹಾಮಾಸ್ ಎಂದೆ. "ಹಾಗಾದರೆ ಬಹಾಮಾಸಿನ ದುಡ್ಡು ಎಲ್ಲಿ?" ಎಂದು ಕೇಳಿದರು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಂದು ನಮ್ಮ ಟೇಬಲ್ ನೋಡಿಕೊಳ್ಳುತ್ತಿದ್ದವರು ಕುಂದಾಪುರದ ಕಡೆಯ ಒಬ್ಬ ಯುವಕರು. ನಮ್ಮ ಕರಾವಳಿಯ ಎಷ್ಟೋ ಮನೆಗಳು ಇಂಥ ಹಡಗುಗಳ ಸಂಬಳದಿಂದ ನಡೆಯುತ್ತವೆ. ಬೆಳಗಿನ ಜಾವ ಪ್ರಯಾಣಿಕರು ಏಳುವ ಮೊದಲೇ ತಾವು ಅಕ್ಕಿ, ತರಕಾರಿ, ಮಾಂಸ, ಐಸಿನ ಪೆಟ್ಟಿಗೆಗಳನ್ನೆಲ್ಲ ದಡಕ್ಕೆ ಇಳಿಸಿರುತ್ತೇವೆ, ಸಂಜೆ ಉಳಿದದ್ದನ್ನು ಮತ್ತೆ ಹಡಗಿಗೆ ಏರಿಸುತ್ತೇವೆ ಎಂದು ಅವರು ಹೇಳಿದರು. ಅಂದರೆ ನಾವು ಆ ನೆಲದಲ್ಲಿ ಕುಳಿತು ಉಂಡ ಊಟದಲ್ಲಿ ಆ ನೆಲದ್ದೆಂದು ಏನೂ ಇರಲಿಲ್ಲ.

ಈ ಖಾಸಗಿ ದ್ವೀಪಗಳ ವ್ಯವಹಾರ ಹೊಸದೇನಲ್ಲ. 1977ರಲ್ಲಿ ನಾರ್ವೇಜಿಯನ್ ಎಂಬ ಕ್ರೂಸ್ ಕಂಪನಿ ಬಹಾಮಾಸಿನ ಗ್ರೇಟ್ ಸ್ಟಿರಪ್ ಕೇ ದ್ವೀಪವನ್ನು ತನ್ನ ಪ್ರಯಾಣಿಕರಿಗಾಗಿ ಬಳಸತೊಡಗಿದ್ದರಿಂದ ಇದು ಶುರುವಾಯಿತು. 1996ರಲ್ಲಿ ಹಾಲೆಂಡ್ ಅಮೆರಿಕ ಕಂಪನಿ ಲಿಟಲ್ ಸ್ಯಾನ್ ಸಾಲ್ವಡಾರ್ ದ್ವೀಪವನ್ನು ಕೊಂಡು ಹಾಫ್ ಮೂನ್ ಕೇ ಎಂದು ಹೆಸರಿಟ್ಟಿತು. ಗೋರ್ಡಾ ಕೇ ಎಂಬ ದ್ವೀಪ ಡಿಸ್ನಿಯವರ ಕೈಗೆ ಬಂದಮೇಲೆ ಕ್ಯಾಸ್ಟವೇ ಕೇ ಆಯಿತು. ಲಿಟಲ್ ಸ್ಟಿರಪ್ ಕೇ ಇಂದು ಕೋಕೋಕೇ. ಅಲ್ಲಿ ರಾಯಲ್ ಕೆರಿಬಿಯನ್ ಕಂಪನಿ 25 ಕೋಟಿ ಡಾಲರ್ ಸುರಿದು 2019ರಲ್ಲಿ ಕಟ್ಟಿದ ಜಲಕ್ರೀಡೆಯ ಲೋಕವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಕಂಪನಿಗಳಿಗೆ ಇದರಿಂದ ಆಗುವ ಅನುಕೂಲ ಸ್ಪಷ್ಟವಾಗಿಯೇ ಇದೆ. ಅಮೆರಿಕದ 1886ರ ಕಾಯಿದೆಯೊಂದರ ಪ್ರಕಾರ, ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಪ್ರವಾಸದಲ್ಲಿ ಒಂದಾದರೂ ವಿದೇಶಿ ಬಂದರನ್ನು ಮುಟ್ಟಬೇಕು. ಬಹಾಮಾಸಿನ ದ್ವೀಪವನ್ನು ಮುಟ್ಟಿದರೆ ಕಾನೂನು ಪಾಲಿಸಿದಂತಾಗುತ್ತದೆ, ಪ್ರಯಾಣಿಕರು ದಡದ ಮೇಲೆ ಮಾಡುವ ಖರ್ಚೂ ಬಹುಪಾಲು ಕಂಪನಿಯ ಗಲ್ಲಾಪೆಟ್ಟಿಗೆಗೇ ಮರಳುತ್ತದೆ. ವಿದೇಶವೆನ್ನುವುದು ಇಲ್ಲಿ ಕಾಗದದ ಮೇಲೆ ಮಾತ್ರ ಬೇಕಾಗಿರುವ ಸಂಗತಿ. ನನ್ನ ತಕರಾರು ಇರುವುದು ಇಲ್ಲಿಯೇ.

ಇದು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ತಿಳಿಯಲು ಲಬಾಡಿಯನ್ನು ನೋಡಬೇಕು. ಅದು ದ್ವೀಪವೂ ಅಲ್ಲ. ಕೆರಿಬಿಯನ್ ದೇಶವಾದ ಹೈಟಿಯ ಉತ್ತರ ಕರಾವಳಿಯಲ್ಲಿ ಕ್ಯಾಪ್ ಹೇಷಿಯನ್ ನಗರದ ಪಕ್ಕದಲ್ಲಿರುವ, ಮುಖ್ಯ ನೆಲಕ್ಕೆ ಅಂಟಿಕೊಂಡೇ ಇರುವ ಭೂಶಿರ. ರಾಯಲ್ ಕೆರಿಬಿಯನ್ 1986ರಿಂದ ಅದನ್ನು ಹೈಟಿ ಸರ್ಕಾರದಿಂದ ಗುತ್ತಿಗೆಗೆ ಪಡೆದು, ಸುತ್ತ ಬೇಲಿ ಹಾಕಿ, ಕಾವಲಿಟ್ಟು ನಡೆಸಿಕೊಂಡು ಬಂದಿದೆ. ಬಹಳ ವರ್ಷ ಜಾಹೀರಾತುಗಳಲ್ಲಿ ಹೈಟಿಯ ಹೆಸರಿನ ಬದಲು, ಆ ದೇಶ ಇರುವ ಇಡೀ ದ್ವೀಪದ ಹೆಸರಾದ ಹಿಸ್ಪಾನಿಯೋಲಾ ಎಂದೇ ಇರುತ್ತಿತ್ತು. ತಾವು ಇಳಿದದ್ದು ಹೈಟಿಯಲ್ಲಿ ಎಂಬುದನ್ನು ಅರಿಯದೆ ಈಜಿ, ಉಂಡು ಹಿಂದಿರುಗಿದ ಪ್ರಯಾಣಿಕರು ಎಷ್ಟೋ ಮಂದಿ. ಆ ಬೇಲಿಯಿಂದ ಕೆಲವೇ ಮೈಲಿಗಳ ಆಚೆಗಿರುವುದು 1791ರಲ್ಲಿ ಗುಲಾಮರು ದಂಗೆಯೆದ್ದ ಬಯಲು. ಆ ದಂಗೆಯೇ ಬೆಳೆದು 1804ರ ಜನವರಿ 1ರಂದು ಹೈಟಿ ಸ್ವತಂತ್ರ ದೇಶವಾಯಿತು. ಫ್ರೆಂಚರು ಮತ್ತೆ ಬಂದರೆ ತಡೆಯಲೆಂದು ಬೆಟ್ಟದ ನೆತ್ತಿಯಲ್ಲಿ ಕಟ್ಟಿದ ಸಿಟಾಡೆಲ್ ಕೋಟೆ, 1982ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕೋಟೆ, ಅದೇ ಪ್ರದೇಶದಲ್ಲಿದೆ. ಇಷ್ಟು ದೊಡ್ಡ ಚರಿತ್ರೆಯ ಬಾಗಿಲಲ್ಲಿ ಹಡಗು ನಿಲ್ಲಿಸಿ, ಬೇಲಿಯ ಒಳಗೇ ದಿನ ಕಳೆದು ಹಿಂದಿರುಗುವ ಏರ್ಪಾಡು ನನಗೆ ಬಹಳ ನೋವಿನ ಸಂಗತಿಯಾಗಿ ಕಾಣುತ್ತದೆ.

2010ರ ಜನವರಿ 12ರಂದು ಭೂಕಂಪವಾಗಿ ರಾಜಧಾನಿ ಪೋರ್ಟೊ ಪ್ರಿನ್ಸ್ ನೆಲಸಮವಾದಾಗ, ಮೂರೇ ದಿನಗಳಲ್ಲಿ ಕಂಪನಿಯ ಹಡಗೊಂದು ಲಬಾಡಿಗೆ ಬಂದು ನಿಂತಿತು. ಜಗತ್ತಿನಾದ್ಯಂತ ಟೀಕೆ ಎದ್ದಿತು. ಹೆಣಗಳನ್ನು ಇನ್ನೂ ಹೊರತೆಗೆಯುತ್ತಿರುವಾಗ ಅದೇ ದೇಶದ ದಡದಲ್ಲಿ ಬಿಸಿಲು ಕಾಯಿಸುವುದು ಹೇಗೆ ಸಾಧ್ಯ ಎಂದು ಕೆಲವು ಪ್ರಯಾಣಿಕರು ಹಡಗಿನಿಂದ ಇಳಿಯಲೇ ಇಲ್ಲ. ಆದರೆ ಅದೇ ಹಡಗಿನಲ್ಲಿ ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ನೀರು ಬಂದಿದ್ದವು. ಆ ಭೇಟಿಯ ಆದಾಯವನ್ನು ಪರಿಹಾರಕ್ಕೆ ಕೊಡುವುದಾಗಿ ಕಂಪನಿ ಹೇಳಿತ್ತು. ಹೈಟಿಯ ಸರ್ಕಾರವೂ ಹಡಗು ಬರಲಿ ಎಂದೇ ಬಯಸಿತ್ತು. ಇಲ್ಲಿ ನಾನು ಕಂಪನಿಯ ಪರ. ಅಲ್ಲಿ ಕೆಲಸ ಮಾಡುವ ನೂರಾರು ಜನರ, ಮರದ ಕೆತ್ತನೆ ಮಾರುವವರ ಮನೆಯ ಒಲೆ ಹಡಗು ಬಾರದಿದ್ದರೆ ಉರಿಯುತ್ತಿರಲಿಲ್ಲ. ತಪ್ಪಿದ್ದದ್ದು ಹಡಗು ಬಂದದ್ದರಲ್ಲಿ ಅಲ್ಲ, ಅದಕ್ಕೂ ಮುಂಚಿನ ಇಪ್ಪತ್ತನಾಲ್ಕು ವರ್ಷ ಬಂದ ರೀತಿಯಲ್ಲಿ. ಆಗ ಸರ್ಕಾರಕ್ಕೆ ಸಲ್ಲುತ್ತಿದ್ದ ಶುಲ್ಕ ತಲೆಗೆ 6 ಡಾಲರ್. ನಾಲ್ಕು ಸಾವಿರ ಜನರ ಒಂದು ಹಡಗು ಬಂದರೆ 24,000 ಡಾಲರ್. ಆ ನಾಲ್ಕು ಸಾವಿರ ಜನ ಒಂದೊಂದು ಕಾಕ್‌ಟೇಲ್ ಕುಡಿದರೂ ಆ ಮೊತ್ತ ದಾಟುತ್ತದೆ.

2024ರ ಮಾರ್ಚ್‌ನಲ್ಲಿ ಹೈಟಿಯ ಹಿಂಸಾಚಾರದ ಕಾರಣಕ್ಕೆ ಕಂಪನಿ ಲಬಾಡಿ ಭೇಟಿಗಳನ್ನು ನಿಲ್ಲಿಸಿತು. ಆ ವರ್ಷದ ಕೊನೆಯ ಹೊತ್ತಿಗೆ ಮತ್ತೆ ಆರಂಭಿಸಿ, 2025ರಲ್ಲಿ ಪುನಃ ನಿಲ್ಲಿಸಿತು. ಪ್ರಯಾಣಿಕರ ಸುರಕ್ಷತೆ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಡಗು ಬೇರೆ ದಡ ಹುಡುಕಿಕೊಂಡು ಹೋಗಬಹುದು, ಬೇಲಿಯ ಬಳಿ ಅಂಗಡಿ ಇಟ್ಟಿದ್ದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಪ್ರವಾಸಿಗರ ಜೊತೆಗೆ ಆ ದೇಶಕ್ಕೆ ಬೇರೆ ಯಾವ ನಂಟನ್ನೂ ಬೆಳೆಯಗೊಡದೆ ಇದ್ದುದರಿಂದ, ಇದ್ದ ಒಂದು ಎಳೆ ಕಡಿದ ಕೂಡಲೇ ಎಲ್ಲವೂ ಕಡಿದುಹೋಯಿತು.

ಬೇರೆ ರೀತಿಯಲ್ಲಿ ನಡೆಯಲು ಸಾಧ್ಯವೇ ಇಲ್ಲ ಎನ್ನುವವರಿಗೆ ಬಹಾಮಾಸಿನ ಎಲ್ಯೂಥೆರಾ ದ್ವೀಪದ ಉದಾಹರಣೆ ಕೊಡುತ್ತೇನೆ. ಅಲ್ಲಿನ ಲೈಟ್‌ಹೌಸ್ ಪಾಯಿಂಟ್ ಜಾಗವನ್ನು ಡಿಸ್ನಿ ಕೊಳ್ಳಲು ಹೊರಟಾಗ, ಅದು ರಾಷ್ಟ್ರೀಯ ಉದ್ಯಾನವಾಗಲಿ ಎಂದು ಸ್ಥಳೀಯರು ಮತ್ತು ಪರಿಸರದ ಕಾಳಜಿಯುಳ್ಳವರು ಹೋರಾಡಿದರು. ಜಾಗ ಉಳಿಯಲಿಲ್ಲ, 2024ರಲ್ಲಿ ಹಡಗುಗಳು ಬರತೊಡಗಿದವು. ಆದರೂ ಸುಮಾರು 190 ಎಕರೆಯನ್ನು ಸರ್ಕಾರಕ್ಕೆ ಬಿಟ್ಟುಕೊಡುವುದು, ಬಹಾಮಾಸಿನ ಜನರಿಗೆ ಅಲ್ಲಿಗೆ ಹೋಗಲು ಅವಕಾಶ, ಸಮುದ್ರದ ತಳ ಅಗೆಯದೆ ಕಂಬಗಳ ಮೇಲೆ ಕಟ್ಟೆ ಕಟ್ಟುವುದು ಇವೆಲ್ಲ ಒಪ್ಪಂದದ ಭಾಗವಾದವು. ಕೇಳುವವರು ಇದ್ದಲ್ಲಿ ಷರತ್ತು ಬದಲಾಗುತ್ತದೆ. ಜನವಸತಿಯಿಲ್ಲದ ಪುಟ್ಟ ದ್ವೀಪದಲ್ಲಿ ಕೇಳುವವರೇ ಇರುವುದಿಲ್ಲ. ಆದ್ದರಿಂದ ಟಿಕೆಟ್ ಕೊಳ್ಳುವ ನಾವೂ ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ: ದ್ವೀಪದ ಹೆಸರಿನ ಜೊತೆಗೆ ದೇಶದ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ, ಊಟದಲ್ಲಿ ಆ ದೇಶದ ಮೀನು, ಹಣ್ಣು ಇರಲಿ, ಅಂಗಡಿಗಳನ್ನು ಅಲ್ಲಿನವರೇ ನಡೆಸಲಿ.

2024ರಲ್ಲಿ ಬಹಾಮಾಸಿಗೆ ಬಂದ 1 ಕೋಟಿ 12 ಲಕ್ಷ ಜನರಲ್ಲಿ ಸುಮಾರು 94 ಲಕ್ಷ ಮಂದಿ ಹಡಗಿನಲ್ಲಿ ಬಂದವರು. ಅಷ್ಟು ಜನ ಬಂದರೂ ಆ ದೇಶದ ಒಂದು ಬೀದಿಯನ್ನೂ ನೋಡದೆ ಹಿಂದಿರುಗುವವರ ಸಾಲಿಗೆ ನಮ್ಮ ಹಿರಿಯರು ಸೇರಬಾರದು. ಈ ರಜೆಯಲ್ಲಿ ಟಿಕೆಟ್ ಮಾಡಿಸುವ ಗೆಳೆಯರು ನಸ್ಸೌನಲ್ಲಿ ನಿಲ್ಲುವ ಹಡಗನ್ನೇ ಆರಿಸಿಕೊಳ್ಳಿ, ನಿಂತಾಗ ತಪ್ಪದೆ ಇಳಿಯಿರಿ. ಬಂದರಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಗುಲಾಮರು ಸುಣ್ಣಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ಕ್ವೀನ್ಸ್ ಸ್ಟೇರ್‌ಕೇಸ್ ಎಂಬ ಮೆಟ್ಟಿಲುಗಳಿವೆ. ಅಮ್ಮ ಮೊಣಕಾಲು ನೋವಿನಿಂದ ಕೆಳಗೇ ಕುಳಿತರು, ಅಪ್ಪ ಎಣಿಸುತ್ತಾ ಹತ್ತಿದರು. ಹಿಂದಿರುಗುವಾಗ ಹುಲ್ಲಿನ ಬುಟ್ಟಿ ಮಾರುವ ಅಜ್ಜಿಯೊಬ್ಬರು ಚಿಲ್ಲರೆಯಲ್ಲಿ ಹತ್ತು ಸೆಂಟಿನ ನಾಣ್ಯ ಕೊಟ್ಟರು. ನಮ್ಮ ಹಳೆಯ ಅಲ್ಯೂಮಿನಿಯಂ ಹತ್ತು ಪೈಸೆಯ ಹಾಗೆಯೇ ಅಲೆಯಲೆಯಾದ ಅಂಚು, ಒಂದು ಬದಿಯಲ್ಲಿ ಎರಡು ಮೀನು. ಅಪ್ಪ ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ, ಆ ಮೀನಿನ ಹೆಸರೇನು ಎಂದು ಅಜ್ಜಿಯನ್ನು ಕೇಳಿದರು. ಅವರು ಹೆಸರು ಹೇಳಿ, ಅದನ್ನು ಎಲ್ಲಿ ಹಿಡಿಯುತ್ತಾರೆ, ಹೇಗೆ ಹಿಡಿಯುತ್ತಾರೆ ಎಂದು ಕೈ ಮಾಡಿ ತೋರಿಸುತ್ತಾ ಹತ್ತು ನಿಮಿಷ ಮಾತಾಡಿದರು.